ಕಾಸರಗೋಡಿನ ಕನ್ನಡ ಶಾಲೆಗೆ ಸರಕಾರದ ಹಣ ತರುವುದು ಹೇಗೆ: ಪಿಟಿಎಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಜೂನ್ ತಿಂಗಳ ಪಿಟಿಎ (ಹೆತ್ತವರ ಮತ್ತು ಟೀಚರುಗಳ ಸಂಘ) ಸಭೆ ಹೇಗಿರುತ್ತದೆ ಅಂತ ಗೊತ್ತಲ್ವಾ? ಹೊರಗೆ ಧೋ ಮಳೆ. ಮೂರನೇ ಕ್ಲಾಸಿನ ಮೂಲೆಯಲ್ಲಿ ಒಂದು ಬಕೆಟ್. ಹಂಚಿನ ಸಂದಿಯಿಂದ ಅದಕ್ಕೆ ಟಪ್ ಟಪ್ ಎಂದು ನೀರು. ಹೆಡ್‌ಮಾಸ್ಟರ್, ಅಂದರೆ ಹೆಚ್‌ಎಂ, ಲೆಕ್ಕ ಓದಿ ಮುಗಿಸುತ್ತಾರೆ. ಹಿಂದಿನ ಬೆಂಚಿನಿಂದ ಯಾರೋ ಎದ್ದು, "ಸರಕಾರವನ್ನು ನಂಬಿ ಕೂತರೆ ಆಗದು, ಮನೆಗೆ 500 ಹಾಕುವ" ಅನ್ನುತ್ತಾರೆ. ಎಲ್ಲರೂ ತಲೆ ಆಡಿಸುತ್ತಾರೆ. ಸಭೆ ಮುಗಿಯುತ್ತದೆ.

ನಾನು ಕುಂಬಳೆ ಉಪಜಿಲ್ಲೆಯ ಒಂದು ಕನ್ನಡ ಎಲ್‌ಪಿ (ಲೋವರ್ ಪ್ರೈಮರಿ) ಶಾಲೆಯ ಪಿಟಿಎಯಲ್ಲಿ ಆರು ವರ್ಷ ಇದ್ದೆ. ಮೊದಲ ಎರಡು ವರ್ಷ ನಾವೂ ಹೀಗೇ ಚಂದಾ ಎತ್ತಿದೆವು. ಆಮೇಲೆ ಗೊತ್ತಾಯಿತು, ಹಂಚು ಬದಲಿಸುವಂಥ ರಿಪೇರಿಗೆ ಪಂಚಾಯತಿನಲ್ಲಿ ಬೇರೆಯೇ ಹಣ ಇರುತ್ತದೆ ಅಂತ. ನಾವು ಕೇಳಿರಲಿಲ್ಲ, ಅಷ್ಟೇ. ಕೇಳಿದ ವರ್ಷವೂ ತಪ್ಪು ತಿಂಗಳಲ್ಲಿ ಕೇಳಿದ್ದೆವು. ಯಾವ ಕಾಗದವನ್ನು ಯಾವ ಮೇಜಿಗೆ, ಯಾವ ತಿಂಗಳಲ್ಲಿ ಕೊಡಬೇಕು ಅನ್ನೋದನ್ನು ಕಲಿಯಲು ನನಗೆ ನಾಲ್ಕು ವರ್ಷ ಬೇಕಾಯಿತು. ನಿಮಗೆ ಅಷ್ಟು ಬೇಡ.

ಮೊದಲು: ಶಾಲೆ ಯಾರದ್ದು ಅಂತ ನೋಡಿ

ಗೇಟಿನ ಬೋರ್ಡು ನೋಡಿ. ಜಿಎಲ್‌ಪಿಎಸ್, ಜಿಜೆಬಿಎಸ್, ಜಿಯುಪಿಎಸ್, ಜಿಹೆಚ್‌ಎಸ್‌ಎಸ್ ಅಂತಿದ್ದರೆ ಸರಕಾರಿ. ಎಎಲ್‌ಪಿಎಸ್, ಎಯುಪಿಎಸ್ ಅಂತಿದ್ದರೆ ಎಯ್ಡೆಡ್, ಅಂದರೆ ಸರಕಾರದ ನೆರವಿರುವ ಖಾಸಗಿ ಶಾಲೆ. ಎಯ್ಡೆಡ್ ಶಾಲೆಯಲ್ಲಿ ಟೀಚರುಗಳ ಸಂಬಳ, ಪುಸ್ತಕ, ಮಧ್ಯಾಹ್ನದ ಊಟ ಸರಕಾರದ್ದು, ಕಟ್ಟಡ ಮಾತ್ರ ಮ್ಯಾನೇಜರರ ಜವಾಬ್ದಾರಿ. ಹಾಗಾಗಿ ಎಯ್ಡೆಡ್ ಶಾಲೆಯವರು ಪಂಚಾಯತಿನ ಬಾಗಿಲಲ್ಲಿ ಹೊಸ ಕಟ್ಟಡ ಕೇಳಿದರೆ ಸುಮ್ನೆ ಸಮಯ ಹಾಳು.

ಸರಕಾರಿ ಶಾಲೆಗಳಲ್ಲಿ ಇನ್ನೊಂದು ಗೆರೆ ಇದೆ. ಎಲ್‌ಪಿ, ಯುಪಿ (ಅಪ್ಪರ್ ಪ್ರೈಮರಿ) ಶಾಲೆಗಳು ಗ್ರಾಮ ಪಂಚಾಯತ್ ಅಥವಾ ನಗರಸಭೆಯ ಕೈಯಲ್ಲಿವೆ. ಗ್ರಾಮ ಪಂಚಾಯತ್ ಪ್ರದೇಶದ ಹೈಸ್ಕೂಲು, ಹೈಯರ್ ಸೆಕೆಂಡರಿ ಜಿಲ್ಲಾ ಪಂಚಾಯತಿನ ಕೈಯಲ್ಲಿ. ಅಂಥ ಹೈಸ್ಕೂಲಿಗೆ ಅಂಟಿಕೊಂಡಿರುವ ಎಲ್‌ಪಿ ವಿಭಾಗವೂ ಜಿಲ್ಲಾ ಪಂಚಾಯತಿಗೇ ಸೇರುತ್ತದೆ. ಟೀಚರು, ಪೋಸ್ಟು, ಸಂಬಳದ ವಿಷಯ ಮಾತ್ರ ಶಿಕ್ಷಣ ಇಲಾಖೆಯದ್ದು. ಎಲ್‌ಪಿ, ಯುಪಿ ಆದರೆ ಎಇಒ (ಉಪಜಿಲ್ಲೆಯ ಶಿಕ್ಷಣಾಧಿಕಾರಿ), ಹೈಸ್ಕೂಲಾದರೆ ಡಿಇಒ (ಶಿಕ್ಷಣ ಜಿಲ್ಲೆಯ ಅಧಿಕಾರಿ), ಅವರ ಮೇಲೆ ಡಿಡಿಇ (ಶಿಕ್ಷಣ ಉಪನಿರ್ದೇಶಕರು). ಗೋಡೆಗೆ ಒಂದು ದಾರಿ, ಗೋಡೆಯೊಳಗೆ ಪಾಠ ಮಾಡುವವರಿಗೆ ಇನ್ನೊಂದು ದಾರಿ. ಎರಡನ್ನೂ ಒಂದೇ ಅರ್ಜಿಯಲ್ಲಿ ಬರೆದರೆ ಅದು ಎರಡು ಕಡೆಯೂ ಹೋಗುವುದಿಲ್ಲ.

ಜೂನ್: ಆರನೇ ಕೆಲಸದ ದಿನ

ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ಇಡಿ. ಶಾಲೆ ಶುರುವಾದ ಮೇಲೆ ಆರನೇ ಕೆಲಸದ ದಿನ ಎಷ್ಟು ಮಕ್ಕಳಿದ್ದಾರೆ ಅನ್ನೋದರ ಮೇಲೆ ಆ ವರ್ಷದ ಡಿವಿಷನ್ (ಕ್ಲಾಸಿನ ವಿಭಾಗ), ಟೀಚರ್ ಪೋಸ್ಟ್ ಎಲ್ಲ ನಿಂತಿರುತ್ತದೆ. 1ರಿಂದ 5ನೇ ಕ್ಲಾಸಿಗೆ 30 ಮಕ್ಕಳಿಗೆ ಒಬ್ಬ ಟೀಚರ್, 6ರಿಂದ 8ಕ್ಕೆ 35ಕ್ಕೆ ಒಬ್ಬರು. ಒಂದು ಮಗು ಆಚೆ ಈಚೆ ಆದರೂ ಒಂದು ಡಿವಿಷನ್ ಹೋಗಬಹುದು, ಅದರ ಜೊತೆ ಒಬ್ಬ ಟೀಚರೂ.

ಮಗು ಬೆಂಚಿನಲ್ಲಿ ಕೂತಿದ್ದರೆ ಮಾತ್ರ ಸಾಲದು. ಶಾಲೆಯ ಮಕ್ಕಳ ವಿವರ ಇಡುವ 'ಸಂಪೂರ್ಣ' ಅನ್ನುವ ಸರಕಾರಿ ಸಾಫ್ಟ್‌ವೇರಿನಲ್ಲಿ ಮಗುವಿನ ಆಧಾರ್ ಹೊಂದಿಕೆಯಾಗಬೇಕು. ಗಡಿಯಲ್ಲಿ ತೊಂದರೆ ಶುರುವಾಗುವುದೇ ಇಲ್ಲಿ. ತಾಯಿಯ ತವರು ಮಂಗಳೂರು ಕಡೆ, ಮಗು ಹುಟ್ಟಿದ್ದು ಅಲ್ಲಿನ ಆಸ್ಪತ್ರೆಯಲ್ಲಿ, ಜನನ ಪತ್ರ ಕರ್ನಾಟಕದ್ದು, ಆಧಾರ್ ಮಾಡಿಸಿದ್ದು ಇಲ್ಲಿ. ಒಂದರಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ. ಒಂದರಲ್ಲಿ ಒಂದು ಅಕ್ಷರ ಜಾಸ್ತಿ. ಕಂಪ್ಯೂಟರಿಗೆ ಇವು ಎರಡು ಬೇರೆ ಮಕ್ಕಳು.

ನಮ್ಮಲ್ಲಿ ಒಂದು ವರ್ಷ ಒಂದನೇ ಕ್ಲಾಸಿನ ಮೂವರ ಹೆಸರು ಹೀಗೆ ಸಿಕ್ಕಿಬಿದ್ದಿತು. ಐದನೇ ದಿನ ಸಂಜೆ ಹೆಚ್‌ಎಂ ಫೋನ್ ಮಾಡಿದರು. ಆರನೇ ದಿನ ಬೆಳಿಗ್ಗೆ ನಾನು, ಒಬ್ಬ ಅಜ್ಜ, ಎರಡು ಮಕ್ಕಳು ಒಂದೇ ರಿಕ್ಷಾದಲ್ಲಿ ಆಧಾರ್ ತಿದ್ದಿಸಲು ಅಕ್ಷಯ ಸೇವಾ ಕೇಂದ್ರಕ್ಕೆ ಓಡಿದೆವು. ಸರ್ವರ್ ಡೌನ್. ಮಧ್ಯಾಹ್ನದ ಹೊತ್ತಿಗೆ ಒಂದು ಸರಿಯಾಯಿತು, ಉಳಿದ ಎರಡು ಆಗಲೇ ಇಲ್ಲ. ಆ ಎರಡು ಮಕ್ಕಳು ವರ್ಷವಿಡೀ ಶಾಲೆಗೆ ಬಂದರು, ಊಟ ಮಾಡಿದರು, ಹಾಡಿದರು. ಪೋಸ್ಟಿನ ಲೆಕ್ಕಕ್ಕೆ ಮಾತ್ರ ಅವರು ಇರಲೇ ಇಲ್ಲ.

ಆದ್ದರಿಂದ ಈ ಕೆಲಸವನ್ನು ಏಪ್ರಿಲ್‌ನಲ್ಲೇ ಮುಗಿಸಿ. ಅಡ್ಮಿಷನ್‌ಗೆ ಬಂದ ದಿನವೇ ಜನನ ಪತ್ರ ಮತ್ತು ಆಧಾರ್ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ ನೋಡಿ. ವ್ಯತ್ಯಾಸ ಇದ್ದರೆ ರಜೆಯಲ್ಲೇ ಅಕ್ಷಯಕ್ಕೆ ಕಳಿಸಿ. ಪಿಟಿಎಯ ಇಬ್ಬರು ಇದಕ್ಕೇ ಮೀಸಲಾಗಿರಲಿ.

ಹಾಗೇ ಮೀಡಿಯಂ ಕಾಲಂ ನೋಡಿ. ಸಂಪೂರ್ಣದಲ್ಲೂ ಕೇಂದ್ರದ ಶಾಲಾ ಮಾಹಿತಿ ವ್ಯವಸ್ಥೆಯಾದ ಯುಡೈಸ್‌ನಲ್ಲೂ ಮಗು 'ಕನ್ನಡ ಮಾಧ್ಯಮ' ಅಂತಲೇ ಇರಬೇಕು. ಮಲಯಾಳ, ಕನ್ನಡ ಎರಡೂ ಇರುವ ಶಾಲೆಗಳಲ್ಲಿ ತಪ್ಪು ಕ್ಲಿಕ್ ಆಗುವುದು ಸುಲಭ. ಕನ್ನಡದ ಮಕ್ಕಳು ಕಾಗದದ ಮೇಲೆ ಕಡಿಮೆ ಆದರೆ ಕನ್ನಡ ಟೀಚರನ್ನು ಕೇಳುವ ಬಾಯಿ ನಿಮಗಿಲ್ಲ.

ಕ್ಲಾಸಿಗೆ ಸರಾಸರಿ 15 ಮಕ್ಕಳೂ ಇಲ್ಲದ ಶಾಲೆಗಳನ್ನು ಕೇರಳದಲ್ಲಿ 'ಅನಾದಾಯಕ' ಅನ್ನುತ್ತಾರೆ. ಲಾಭ ಇಲ್ಲದ್ದು ಅಂತ ಅರ್ಥ. ಶಾಲೆಗೆ ಇಂಥ ಹೆಸರು ಇಟ್ಟವರ ಬಗ್ಗೆ ನನಗೇನೂ ಒಳ್ಳೆಯ ಅಭಿಪ್ರಾಯ ಇಲ್ಲ, ಆದರೆ ಆ ಪಟ್ಟಿಗೆ ಸೇರದಂತೆ ನೋಡಿಕೊಳ್ಳುವುದು ಕೂಡ ಏಪ್ರಿಲ್‌ನ ಕೆಲಸವೇ.

ಪ್ರತಿ ವರ್ಷ ಬರುವ ಹಣ

ಸರಕಾರಿ ಶಾಲೆಗೆ ಸಮಗ್ರ ಶಿಕ್ಷಾ ಯೋಜನೆಯಿಂದ ದಿನನಿತ್ಯದ ಖರ್ಚಿಗೆ ಕಾಂಪೋಸಿಟ್ ಗ್ರಾಂಟ್ ಬರುತ್ತದೆ. ಯೋಜನೆಯ ದರ ಮಕ್ಕಳ ಸಂಖ್ಯೆಗೆ ತಕ್ಕಂತೆ ಇದೆ. 30ರವರೆಗೆ 10,000 ರೂಪಾಯಿ, 31ರಿಂದ 100ಕ್ಕೆ 25,000, 101ರಿಂದ 250ಕ್ಕೆ 50,000, 251ರಿಂದ 1,000ಕ್ಕೆ 75,000, ಅದಕ್ಕೂ ಮೇಲಿದ್ದರೆ ಒಂದು ಲಕ್ಷ. ಇದರಲ್ಲಿ ಶೇಕಡಾ 10 ಸ್ವಚ್ಛತೆಗೆ. ಚಾಕ್‌ಪೀಸು, ಕರೆಂಟು ಬಿಲ್ಲು, ಒಡೆದ ನಲ್ಲಿ, ಸಣ್ಣ ರಿಪೇರಿ ಎಲ್ಲ ಇದರಲ್ಲೇ. 29 ಮಕ್ಕಳ ಶಾಲೆಗೂ 31 ಮಕ್ಕಳ ಶಾಲೆಗೂ 15,000 ರೂಪಾಯಿ ವ್ಯತ್ಯಾಸ ನೋಡಿ.

ಈ ಹಣದಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಪಿಎಂ ಶ್ರೀ ಅನ್ನುವ ಕೇಂದ್ರದ ಶಾಲಾ ಯೋಜನೆಗೆ ಸೇರುವ ವಿಷಯದ ಜಗಳದಲ್ಲಿ ಕೇರಳಕ್ಕೆ ಬರಬೇಕಾದ ಕೇಂದ್ರದ ಪಾಲು ತಡೆಹಿಡಿದು ಶಾಲೆಗಳು ಒದ್ದಾಡಿದ್ದು ಎಲ್ಲರಿಗೂ ಗೊತ್ತು. ಅದಕ್ಕೇ ನನ್ನ ಸಲಹೆ ಇಷ್ಟು. ಗ್ರಾಂಟ್ ಬರುತ್ತದೆ ಅಂತ ಅಂಗಡಿಯಲ್ಲಿ ಸಾಲ ಮಾಡಬೇಡಿ. ಬಂದ ದಿನ ಖರ್ಚಿನ ಪಟ್ಟಿ ರೆಡಿ ಇರಲಿ, ಯಾಕೆಂದರೆ ತಡವಾಗಿ ಬಂದ ಹಣವನ್ನು ಬೇಗ ಮುಗಿಸಿ ಲೆಕ್ಕ ಕೊಡಿ ಅನ್ನುತ್ತಾರೆ. ಬಿಲ್ಲುಗಳ ಫೋಟೋ ತೆಗೆದಿಡಿ. ಬಿಆರ್‌ಸಿಯಲ್ಲಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಕೇಳಿದರೆ ಯಾವ ವರ್ಷದ ಎಷ್ಟು ಬಾಕಿ ಇದೆ ಅಂತ ಹೇಳುತ್ತಾರೆ.

ಒಂದು ಪುಟದ ಪಟ್ಟಿ

ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಶಾಲೆಯ ಅಭಿವೃದ್ಧಿ ಯೋಜನೆಯನ್ನು ಮಾಡಬೇಕಾದ್ದು ಎಸ್‌ಎಂಸಿ, ಅಂದರೆ ಶಾಲಾ ನಿರ್ವಹಣಾ ಸಮಿತಿ. ಅನುದಾನಕ್ಕೆ ಆಧಾರವೂ ಅದೇ. ಆ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರು, ಒಟ್ಟಿನಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು. ಬಹಳ ಕಡೆ ಈ ಯೋಜನೆ ದಪ್ಪ ಫೈಲಾಗಿ ಕಪಾಟಿನಲ್ಲಿ ಮಲಗಿರುತ್ತದೆ.

ನೀವು ಒಂದು ಪುಟ ಮಾಡಿ. ಎಡಗಡೆ ಬೇಕಾದ್ದು, ಬಲಗಡೆ ಅದನ್ನು ಕೊಡುವವರು. "ಶಾಲೆಗೆ ಮೂಲಸೌಕರ್ಯ ಬೇಕು" ಅಂತ ಬರೆಯಬೇಡಿ. "ಎರಡನೇ ಕ್ಲಾಸಿನ ಪಶ್ಚಿಮದ ಗೋಡೆಯಲ್ಲಿ ಬಿರುಕು, 40 ಹಂಚು ಒಡೆದಿದೆ, ಹುಡುಗಿಯರ ಶೌಚಾಲಯಕ್ಕೆ ಬಾಗಿಲಿಲ್ಲ" ಅಂತ ಬರೆಯಿರಿ. ಫೋಟೋ ಮಳೆಯಲ್ಲೇ ತೆಗೆಯಿರಿ. ಜನವರಿಯ ಬಿಸಿಲಲ್ಲಿ ತೆಗೆದ ಫೋಟೋದಲ್ಲಿ ಎಲ್ಲ ಶಾಲೆಯೂ ಚಂದವೇ.

ಪಂಚಾಯತ್: ಯಾವ ತಿಂಗಳು ಏನು

ಪಂಚಾಯತಿನಲ್ಲಿ ಶಾಲೆಗೆ ಬರಬಹುದಾದ ಹಣ ಎರಡು ಬಗೆ. ಒಂದು ಪ್ಲಾನ್ ಫಂಡ್. ಹೊಸ ಶೌಚಾಲಯ, ಕಾಂಪೌಂಡು, ಅಡುಗೆಕೋಣೆ, ಪೀಠೋಪಕರಣ ಇಂಥದ್ದಕ್ಕೆ. ಇನ್ನೊಂದು ಮೈಂಟೆನೆನ್ಸ್ ಫಂಡ್. ಅದರಲ್ಲಿ ರಸ್ತೆಯದ್ದು ಬೇರೆ, ರಸ್ತೆಯಲ್ಲದ್ದು ಬೇರೆ. ಶಾಲೆಯ ಹಂಚು, ಪೈಂಟು, ಕಿಟಕಿಯ ರಿಪೇರಿ ಈ ರಸ್ತೆಯಲ್ಲದ ಲೆಕ್ಕದಲ್ಲಿ ಬರುತ್ತದೆ. ನಾವು ಎರಡು ವರ್ಷ ಕಣ್ಣು ಹಾಕದೇ ಬಿಟ್ಟಿದ್ದ ಹಣ ಇದೇ.

ವರ್ಷದ ಯೋಜನೆ ಏಪ್ರಿಲ್‌ನಿಂದ ಶುರು. ಅಂದರೆ ಅದರ ತಯಾರಿ ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ನಡೆದು ಮುಗಿದಿರುತ್ತದೆ. ಕಾರ್ಯಗುಂಪು ಕೂಡುತ್ತದೆ, ಗ್ರಾಮಸಭೆ ಆಗುತ್ತದೆ, ಅಭಿವೃದ್ಧಿ ಸೆಮಿನಾರ್ ಆಗುತ್ತದೆ, ಪಂಚಾಯತ್ ಕಮಿಟಿ ಒಪ್ಪುತ್ತದೆ, ಕೊನೆಗೆ ಜಿಲ್ಲಾ ಯೋಜನಾ ಸಮಿತಿಯ ಮಂಜೂರಾತಿ. ಜೂನ್‌ನಲ್ಲಿ ಸೋರುತ್ತಿದೆ ಅಂತ ಜೂನ್‌ನಲ್ಲಿ ಅರ್ಜಿ ಕೊಟ್ಟರೆ ಆ ವರ್ಷದ ಬಸ್ಸು ಹೋಗಿಯಾಗಿದೆ. ಈ ಜೂನ್‌ನ ಫೋಟೋ ಹಿಡಿದು ಬರುವ ನವೆಂಬರ್‌ನಿಂದ ಓಡಾಡಬೇಕು.

ಹೀಗೆ ಮಾಡಿ:

1. ಅಕ್ಟೋಬರ್‌ನಲ್ಲಿ ಪಿಟಿಎ ಮತ್ತು ಎಸ್‌ಎಂಸಿಯ ನಿರ್ಣಯ ಬರೆಸಿ. ಮಿನಿಟ್ಸ್ ಪುಸ್ತಕದ ಆ ಪುಟದ ಜೆರಾಕ್ಸ್ ನಾಲ್ಕು ಇಟ್ಟುಕೊಳ್ಳಿ.

2. ಪಂಚಾಯತಿನ ಎಂಜಿನಿಯರ್ ಬಂದು ನೋಡುವಂತೆ ಹೆಚ್‌ಎಂ ಮೂಲಕ ಪತ್ರ ಕೊಡಿ. ಎಸ್ಟಿಮೇಟ್ ಇಲ್ಲದ ಬೇಡಿಕೆಗೆ ತೂಕ ಇಲ್ಲ. ಶಾಲೆ ತೆರೆಯುವ ಮೊದಲು ಪ್ರತಿ ವರ್ಷ ಫಿಟ್ನೆಸ್ ಸರ್ಟಿಫಿಕೇಟಿಗೆ ಹೇಗೂ ಎಂಜಿನಿಯರ್ ನೋಡಲೇಬೇಕು. ಆಗ ಅವರು ಬಾಯಲ್ಲಿ ಹೇಳಿದ ಕೊರತೆಯನ್ನು ಬರೆದು ಕೊಡಿ ಅಂತ ಕೇಳಿ. ಆ ಕಾಗದ ಚಿನ್ನ.

3. ಶಿಕ್ಷಣದ ಕಾರ್ಯಗುಂಪಿನಲ್ಲಿ ಹೆಚ್‌ಎಂಗಳು ಇರುತ್ತಾರೆ. ನಿಮ್ಮ ಹೆಚ್‌ಎಂ ಆ ದಿನ ತಪ್ಪದೇ ಹೋಗುವಂತೆ ನೋಡಿಕೊಳ್ಳಿ. ಆ ದಿನ ಕ್ಲಾಸು ನೋಡಿಕೊಳ್ಳಲು ಜನ ಬೇಕಾದರೆ ಅದನ್ನೂ ಏರ್ಪಾಡು ಮಾಡಿ.

4. ಗ್ರಾಮಸಭೆಗೆ ಅಮ್ಮಂದಿರನ್ನು ಕರೆದುಕೊಂಡು ಹೋಗಿ. ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು ಅನ್ನುವುದು ಕಾನೂನು. ವಾರ್ಡಿನ ಮತದಾರರಲ್ಲಿ ಶೇಕಡಾ 10 ಜನ ಬಂದರೆ ಕೋರಂ. ಸಾಮಾನ್ಯವಾಗಿ ಬರುವವರು ಆಡು, ಕೋಳಿ, ಮನೆ ರಿಪೇರಿಯ ಅರ್ಜಿ ಹಿಡಿದು ಬರುತ್ತಾರೆ. ಅದೂ ಬೇಕಾದ್ದೇ. ಆದರೆ 20 ಜನ ಎದ್ದು ಒಂದೇ ಮಾತು ಕೇಳಿದರೆ ಅದು ಮಿನಿಟ್ಸ್‌ನಲ್ಲಿ ಬರಲೇಬೇಕು. ಬಂತಾ ಅಂತ ನೋಡಿದ ಮೇಲೆ ಮನೆಗೆ ಹೋಗಿ.

2025ರ ಡಿಸೆಂಬರ್ ಚುನಾವಣೆಗೆ ಮುಂಚೆ ವಾರ್ಡುಗಳ ಗಡಿ ಹೊಸದಾಗಿ ಎಳೆದಿದ್ದಾರೆ. ಶಾಲೆ ಒಂದು ವಾರ್ಡಿನಲ್ಲಿ, ಮಕ್ಕಳ ಮನೆ ಮೂರು ವಾರ್ಡಿನಲ್ಲಿ ಆಗಿರಬಹುದು. ಆಗ ಮೂರೂ ಗ್ರಾಮಸಭೆಯಲ್ಲಿ ಕೇಳಿ. ಮೂವರು ಮೆಂಬರ್‌ಗಳು ಹೇಳಿದರೆ ಪಂಚಾಯತ್ ಕಮಿಟಿಯಲ್ಲಿ ಕೆಲಸ ಸಲೀಸು.

ಫೆಬ್ರವರಿ, ಮಾರ್ಚ್‌ನಲ್ಲಿ ಒಮ್ಮೆ ಪಂಚಾಯತಿಗೆ ಹೋಗಿ, ಉಳಿದ ಹಣ ಇದೆಯಾ ಕೇಳಿ. ಟೆಂಡರ್ ಆಗದೇ ಬಿದ್ದುಹೋದ ಕೆಲಸಗಳಿರುತ್ತವೆ. ಎಸ್ಟಿಮೇಟ್ ರೆಡಿ ಇರುವ ಶಾಲೆಗೆ ಆಗ ಅದೃಷ್ಟ. ನಮ್ಮ ಶೌಚಾಲಯದ ಬಾಗಿಲು ಬಂದದ್ದು ಹಾಗೇ.

ದೊಡ್ಡ ಕಟ್ಟಡ ಬೇಕಾದರೆ

ಎರಡು ಮಹಡಿ, ನಾಲ್ಕು ಕ್ಲಾಸ್‌ರೂಮ್ ಎಲ್ಲ ಪಂಚಾಯತಿನ ಕೈಯಲ್ಲಿ ಆಗದು. 2017ರ ಜನವರಿಯಲ್ಲಿ ಶುರುವಾದ ಸಾರ್ವಜನಿಕ ಶಿಕ್ಷಣ ಸಂರಕ್ಷಣಾ ಯಜ್ಞದಲ್ಲಿ ಕಿಫ್‌ಬಿಯ (ಕೇರಳದ ಮೂಲಸೌಕರ್ಯ ಹೂಡಿಕೆ ನಿಧಿ ಮಂಡಳಿ) ಹಣದಿಂದ ಪ್ರತಿ ವಿಧಾನಸಭಾ ಕ್ಷೇತ್ರದ ಒಂದು ಶಾಲೆಗೆ 5 ಕೋಟಿ, 1,000ಕ್ಕಿಂತ ಜಾಸ್ತಿ ಮಕ್ಕಳಿದ್ದ ಶಾಲೆಗಳಿಗೆ 3 ಕೋಟಿ, 500ಕ್ಕಿಂತ ಜಾಸ್ತಿ ಇದ್ದಲ್ಲಿ 1 ಕೋಟಿ ಅಂತ ಇಟ್ಟರು. ಆ ಕಟ್ಟಡಗಳು ನಿಜಕ್ಕೂ ಚೆನ್ನಾಗಿವೆ, ಅದನ್ನು ಒಪ್ಪಬೇಕು. ಆದರೆ ನಮ್ಮ ಗುಡ್ಡದ ಮೇಲಿನ 60 ಮಕ್ಕಳ ಕನ್ನಡ ಶಾಲೆಗೆ ಈ ಅಳತೆಗೋಲು ಎಟುಕುವುದಿಲ್ಲ.

ನಮಗೆ ಹತ್ತಿರದ ದಾರಿ ಕಾಸರಗೋಡು ಅಭಿವೃದ್ಧಿ ಪ್ಯಾಕೇಜ್. ಹಿಂದಿನ ಮುಖ್ಯ ಕಾರ್ಯದರ್ಶಿ ಪಿ. ಪ್ರಭಾಕರನ್ ಅವರ ಆಯೋಗ 2012ರಲ್ಲಿ ಕೊಟ್ಟ ವರದಿಯಿಂದ ಹುಟ್ಟಿದ್ದು ಇದು. ಜಿಲ್ಲೆ ಹಿಂದುಳಿದಿದೆ ಅಂತಲೇ ಕೊಡುವ ಹಣ, ಶಾಲಾ ಕಟ್ಟಡಗಳಿಗೂ ಸಿಗುತ್ತದೆ. ವಿದ್ಯಾನಗರದ ಕಲೆಕ್ಟರೇಟಿನಲ್ಲಿ ಪ್ಯಾಕೇಜಿನ ವಿಶೇಷ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. ಎಂಎಲ್‌ಎಯ ನಿಧಿಗಳಿವೆ. ಎಂಪಿ ನಿಧಿ ವರ್ಷಕ್ಕೆ 5 ಕೋಟಿ, ಆದರೆ ಕಾಸರಗೋಡು ಲೋಕಸಭಾ ಕ್ಷೇತ್ರ ಪಯ್ಯನ್ನೂರು, ಕಲ್ಯಾಶ್ಶೇರಿ ಸೇರಿ ಏಳು ವಿಧಾನಸಭಾ ಕ್ಷೇತ್ರದಷ್ಟು ದೊಡ್ಡದು. ನಮ್ಮ ಪಾಲಿಗೆ ಎಷ್ಟು ಬಂದೀತು, ನೀವೇ ಲೆಕ್ಕ ಹಾಕಿ. ಇವರಿಬ್ಬರೂ ಶಿಫಾರಸು ಮಾಡುವವರು. ಮಂಜೂರಾತಿ ಆಗುವುದು ಹೆಚ್ಚಾಗಿ ಕಲೆಕ್ಟರ್ ಮೂಲಕ.

ಎಲ್ಲಿಗೆ ಹೋದರೂ ಮೊದಲು ಕೇಳುವುದು ಜಾಗದ ಕಾಗದ. ಸರ್ವೆ ನಂಬರ್, ಸ್ಕೆಚ್, ವಿಲೇಜ್ ಆಫೀಸಿನ ಕೈವಶ ಪ್ರಮಾಣಪತ್ರ. ಹಳೇ ಮದ್ರಾಸ್ ಕಾಲದ ಶಾಲೆಗಳಲ್ಲಿ ಜಾಗ ಯಾರೋ ದಾನಿ ಬಾಯಿ ಮಾತಿನಲ್ಲಿ ಕೊಟ್ಟದ್ದಿರುತ್ತದೆ. ಇದನ್ನು ಸರಿ ಮಾಡಲು ಒಂದು ವರ್ಷ ಹಿಡಿದರೂ ಹಿಡಿಯಬಹುದು. ಹಳೇ ಕಟ್ಟಡ ಕೆಡವಬೇಕಾದರೆ ಎಂಜಿನಿಯರ್ ಬೆಲೆ ಕಟ್ಟಬೇಕು, ಹರಾಜಾಗಬೇಕು. ಅಡ್ಡ ನಿಂತ ಹಲಸಿನ ಮರ ಕಡಿಯಲು ಸಾಮಾಜಿಕ ಅರಣ್ಯ ವಿಭಾಗದವರು ಬಂದು ಬೆಲೆ ಹಾಕಬೇಕು. ನಾವು ಒಂದು ಹಲಸಿನ ಮರದ ಹಿಂದೆ ಏಳು ತಿಂಗಳು ಸುತ್ತಿದ್ದೇವೆ. ನಡುವೆ ಎರಡು ಸಲ ಹಣ್ಣು ತಿಂದೆವು ಅನ್ನುವುದೊಂದೇ ಸಮಾಧಾನ.

ಶಾಲಾ ಬಸ್ಸಿನ ಬಗ್ಗೆ ಒಂದು ಮಾತು. ಬಸ್ಸು ಕೊಡಿಸುವುದು ಎಲ್ಲರಿಗೂ ಇಷ್ಟ, ಫೋಟೋ ಚೆನ್ನಾಗಿ ಬರುತ್ತದೆ. ಡ್ರೈವರಿನ ಸಂಬಳ, ಡೀಸೆಲ್, ಇನ್ಶೂರೆನ್ಸ್, ಟಯರ್ ಎಲ್ಲ ಆಮೇಲೆ ಪಿಟಿಎಯ ತಲೆಗೆ. ತಿಂಗಳ ಖರ್ಚು ಹೊಂದಿಸುವ ದಾರಿ ಕಾಣದಿದ್ದರೆ ಬಸ್ಸು ಕೇಳಬೇಡಿ.

ಕನ್ನಡ ಬಲ್ಲ ಟೀಚರ್

ನನ್ನ ಮಟ್ಟಿಗೆ ನಿಜವಾದ ಗುಣಮಟ್ಟ ಇದು. ಟೈಲ್ಸ್ ಹಾಕಿದ ಕ್ಲಾಸಿನಲ್ಲಿ ಗಣಿತದ ಟೀಚರಿಗೆ ಕನ್ನಡ ಬಾರದಿದ್ದರೆ ಏನು ಬಂತು? ನಮ್ಮ ಪಕ್ಕದ ಹೈಸ್ಕೂಲೊಂದರಲ್ಲಿ ಇದು ಆಯಿತು. ಒಬ್ಬ ಹುಡುಗಿಯ ನೋಟ್ಸ್ ನೋಡಿದೆ. ಬೋರ್ಡಿನಲ್ಲಿ ಇದ್ದ ಮಲಯಾಳ ಪದವನ್ನು ಅವಳು ಕನ್ನಡ ಅಕ್ಷರದಲ್ಲಿ ಕಿವಿಗೆ ಕೇಳಿದಂತೆ ಬರೆದುಕೊಂಡಿದ್ದಳು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಪುಟ ತುಂಬ ಅಂಥ ಚಿಹ್ನೆಗಳು.

ಕೇರಳ ಪಿಎಸ್‌ಸಿ ಕನ್ನಡ ಮಾಧ್ಯಮದ ಎಲ್‌ಪಿ, ಯುಪಿ, ಹೈಸ್ಕೂಲ್ ವಿಷಯ ಶಿಕ್ಷಕರ ಹುದ್ದೆಗಳನ್ನು ಬೇರೆಯೇ ಕರೆಯುತ್ತದೆ. ಹಾಗಾಗಿ ಖಾಲಿ ಹುದ್ದೆಯನ್ನು ವರದಿ ಮಾಡುವಾಗಲೇ 'ಕನ್ನಡ ಮಾಧ್ಯಮ' ಅನ್ನುವ ಮಾತು ಇರಬೇಕು. ಪೋಸ್ಟ್ ಖಾಲಿಯಾದ ವಾರವೇ ಹೆಚ್‌ಎಂ ಬರೆದ ಪತ್ರದ ನಕಲು ನೋಡಿ. ದಿನಗೂಲಿ ಟೀಚರ್ ಸಂದರ್ಶನ ಆದರೂ ಅಷ್ಟೇ. ಜಾಹೀರಾತು ಕನ್ನಡ ಪತ್ರಿಕೆಯಲ್ಲಿ ಬರಲಿ, ಅದರಲ್ಲಿ ಮಾಧ್ಯಮ ಹೆಸರಿಸಿರಲಿ.

ಕನ್ನಡ ಬಾರದವರು ಬಂದೇಬಿಟ್ಟರೆ, ಮೊದಲನೇ ವಾರದಲ್ಲೇ ಬರೆದು ಕೊಡಿ. ತಿಂಗಳು ಕಳೆದರೆ 'ಒಗ್ಗಿಕೊಂಡಿದ್ದಾರೆ' ಅನ್ನುತ್ತಾರೆ. ಪಿಟಿಎ ನಿರ್ಣಯ, ಟೈಮ್‌ಟೇಬಲ್, ಮಕ್ಕಳ ನೋಟ್ಸಿನ ಜೆರಾಕ್ಸ್ ಸೇರಿಸಿ ಎಇಒ ಅಥವಾ ಡಿಇಒಗೆ, ನಕಲು ಡಿಡಿಇಗೆ. ಕಲೆಕ್ಟರರ ಅಧ್ಯಕ್ಷತೆಯ ಜಿಲ್ಲಾ ಭಾಷಾ ಅಲ್ಪಸಂಖ್ಯಾತರ ಸಮಿತಿಗೆ ಒಂದು. ಅರ್ಜಿಯಲ್ಲಿ ಸಂವಿಧಾನದ 350ಎ ವಿಧಿಯನ್ನು ಹೆಸರಿಸಿ. ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸುವ ಏರ್ಪಾಡು ಮಾಡಬೇಕು ಅನ್ನುವ ಆ ವಿಧಿ ಬಂದದ್ದು 1956ರಲ್ಲಿ, ನಾವು ಕೇರಳಕ್ಕೆ ಸೇರಿದ ಅದೇ ವರ್ಷ. 350ಬಿ ಪ್ರಕಾರ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿದ್ದಾರೆ, ಅವರಿಗೂ ಬರೆಯಬಹುದು. ಮಕ್ಕಳ ಹಕ್ಕುಗಳ ಆಯೋಗ ಇದೆ. ಕೋರ್ಟು ಕೊನೆಗೆ. ಆ ಟೀಚರ್ ಮೇಲೆ ಮಾತ್ರ ಸಿಟ್ಟು ಹಾಕಬೇಡಿ. ತೆಂಕಣ ಜಿಲ್ಲೆಯಿಂದ ಆರ್ಡರ್ ಹಿಡಿದು ಬಂದವರಿಗೆ ಇಲ್ಲಿಯ ಕತೆ ಏನು ಗೊತ್ತು?

ಪುಸ್ತಕದ ವಿಷಯ ಚಿಕ್ಕದು. ಎಂಟನೇ ಕ್ಲಾಸಿನವರೆಗೆ ಪಠ್ಯ ಉಚಿತ. ಎಷ್ಟು ಬೇಕೆಂದು ಶಾಲೆ ಆನ್‌ಲೈನಿನಲ್ಲಿ ಮೊದಲೇ ಹೇಳಬೇಕು, ಮೀಡಿಯಂ ಹಾಕಿ. ಕನ್ನಡದ್ದು ತಡವಾದರೆ ಕೈಟ್ ಅನ್ನುವ ಸರಕಾರಿ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯ 'ಸಮಗ್ರ' ಪೋರ್ಟಲಿನಲ್ಲಿ ಪಿಡಿಎಫ್ ಸಿಗುತ್ತದೆ. ಮೊದಲ ಎರಡು ಪಾಠ ಪ್ರಿಂಟ್ ಮಾಡಿ ಕೊಡಿ.

ಕರ್ನಾಟಕದ ಕಡೆಯಿಂದ

2010ರ ಕಾಯ್ದೆಯಂತೆ ಆದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಬೆಂಗಳೂರಿನಲ್ಲಿದೆ. ಹೊರರಾಜ್ಯದ ಕನ್ನಡ ಶಾಲೆಗಳಿಗೂ ಸಂಘ ಸಂಸ್ಥೆಗಳಿಗೂ ಅನುದಾನ ಕೊಡುತ್ತದೆ. ಅರ್ಜಿ ಕರೆದಾಗ ಕನ್ನಡ ಪತ್ರಿಕೆಗಳಲ್ಲಿ ಬರುತ್ತದೆ. ಇದನ್ನು ಮೇಲಿನ ತುಪ್ಪ ಅಂದುಕೊಳ್ಳಿ, ಅನ್ನ ಅಲ್ಲ. ನಮ್ಮ ಶಾಲೆಗೆ ಹಣ ಕೊಡಬೇಕಾದ್ದು ಕೇರಳ ಸರಕಾರ. "ನಿಮಗೆ ಕರ್ನಾಟಕ ಕೊಡುತ್ತದಲ್ಲ" ಅಂತ ಇಲ್ಲಿಯವರು ಹೇಳಲು ನಾವೇ ದಾರಿ ಮಾಡಿಕೊಡಬಾರದು. ಸಿಕ್ಕಿದ ಹಣದ ಬಳಕೆ ಪ್ರಮಾಣಪತ್ರ ಸಮಯಕ್ಕೆ ಕಳಿಸಿ, ಇಲ್ಲದಿದ್ದರೆ ಮುಂದಿನ ಸಲ ನಿಮ್ಮ ಜೊತೆ ಪಕ್ಕದ ಶಾಲೆಯ ಹೆಸರೂ ಕೆಡುತ್ತದೆ.

ಅರ್ಜಿ ಕನ್ನಡದಲ್ಲೇ

1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಪ್ರಕಾರ ಇಲ್ಲಿಯ ಕನ್ನಡಿಗರು ಸರಕಾರಕ್ಕೆ, ಇಲಾಖೆಯ ಮುಖ್ಯಸ್ಥರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು. ಉತ್ತರವೂ ಕನ್ನಡದಲ್ಲಿ ಬರಬೇಕು. "ಮಲಯಾಳದಲ್ಲಿ ಬರೆದು ತನ್ನಿ" ಅಂತ ಕೌಂಟರಿನಲ್ಲಿ ಹೇಳಿದರೆ ನಯವಾಗಿ ಈ ಕಾಯ್ದೆಯ ಹೆಸರು ಹೇಳಿ. ಕೆಲಸ ಬೇಗ ಆಗಬೇಕು ಅಂತಿದ್ದರೆ ಕನ್ನಡದ ಅರ್ಜಿಗೆ ಮಲಯಾಳದ ಒಂದು ನಕಲು ಲಗತ್ತಿಸಿ, ನಾನು ಹಾಗೇ ಮಾಡುತ್ತಿದ್ದೆ. ಹಕ್ಕೂ ಉಳಿಯಿತು, ಕ್ಲರ್ಕಿಗೂ ಅನುಕೂಲ.

ಎರಡನೇ ಪ್ರತಿಯ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳದೇ ಯಾವ ಅರ್ಜಿಯನ್ನೂ ಕೊಡಬೇಡಿ. ನಮ್ಮ ಒಂದು ಫೈಲು ಒಂದು ಕಚೇರಿಯಲ್ಲಿ ಎಂಟು ತಿಂಗಳು ಕಾಣೆಯಾಗಿತ್ತು. ಕೇಳಿದಾಗಲೆಲ್ಲ "ಇಲ್ಲಿಗೆ ಬಂದೇ ಇಲ್ಲ" ಅನ್ನುತ್ತಿದ್ದರು. ಕೊನೆಗೆ ಸೀಲಿದ್ದ ಪ್ರತಿ ಇಟ್ಟು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಮೂರೇ ಪ್ರಶ್ನೆ ಕೇಳಿದೆ: ಈ ತಾರೀಖಿನ ಅರ್ಜಿ ಈಗ ಯಾರ ಮೇಜಿನಲ್ಲಿದೆ, ಅಲ್ಲಿಗೆ ಯಾವತ್ತು ಬಂತು, ಅದರ ಮೇಲೆ ಏನು ಬರೆದಿದ್ದಾರೆ. ಉತ್ತರಕ್ಕೆ 30 ದಿನ ಗಡುವು, ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ. ಮೇಲ್ಮನವಿಯವರೆಗೆ ಹೋಗಬೇಕಾಗಲಿಲ್ಲ. 24ನೇ ದಿನ ಫೋನ್ ಬಂತು, "ಮಾಷ್ಟ್ರೇ, ನಿಮ್ಮ ಫೈಲು ಸಿಕ್ಕಿತು, ಎಸ್ಟಿಮೇಟಿನ ಎರಡನೇ ಪುಟ ಇಲ್ಲವಲ್ಲ?" ನಾನು ಮಾಷ್ಟ್ರಲ್ಲ, ಅಡಿಕೆ ಬೆಳೆಯುವವ. ಎರಡನೇ ಪುಟದ ಜೆರಾಕ್ಸ್ ಮಾತ್ರ ನನ್ನ ಹತ್ತಿರ ಇತ್ತು.